ಹಳ್ಳಿಮನೆಯ ಗಾಡಿ: ಎಣಿಸಿದ್ದು, ಎಣಿಸದೆ ಬಿಟ್ಟದ್ದು

ನಮ್ಮ ಜನಗಣತಿಯವರು ಮನೆಮನೆಗೂ ಹೋಗಿ ‘ಸೈಕಲ್ ಇದೆಯೇ, ಬೈಕ್ ಇದೆಯೇ, ಕಾರಿದೆಯೇ’ ಎಂದು ಕೇಳತೊಡಗಿದ್ದು 2001ರಲ್ಲಿ. ಅದಕ್ಕೆ ಮೊದಲು ಕೈಗೆ ಸಿಗುತ್ತಿದ್ದದ್ದು ಮುಖ್ಯವಾಗಿ ಆರ್‌ಟಿಒ ನೋಂದಣಿಯ ಲೆಕ್ಕ. ಹಳ್ಳಿಯ ಸ್ಥಿತಿ ಅದರಲ್ಲಿ ಕಾಣುವುದಿಲ್ಲ. ಬೆಂಗಳೂರಿನ ನಂಬರಿನ ಬೈಕು ಕೈ ಬದಲಾಗುತ್ತ ರಾಯಚೂರಿನ ಯಾವುದೋ ಊರು ಸೇರಿರುತ್ತದೆ. ಗುಜರಿಗೆ ಹೋದ ಗಾಡಿಯ ಹೆಸರು ಎಷ್ಟೋ ಸಲ ನೋಂದಣಿಯಲ್ಲಿ ಹಾಗೇ ಉಳಿದಿರುತ್ತದೆ.

2001ರಲ್ಲಿ ದೇಶದ ಹಳ್ಳಿಗಳಲ್ಲಿ ನೂರು ಮನೆಗೆ ಸುಮಾರು 43ರಲ್ಲಿ ಸೈಕಲ್ ಇತ್ತು. ಸ್ಕೂಟರ್, ಬೈಕ್ ಅಥವಾ ಮೊಪೆಡ್ ಇದ್ದದ್ದು ಏಳಕ್ಕಿಂತ ಕಡಿಮೆ ಮನೆಗಳಲ್ಲಿ. 2011ರ ಹೊತ್ತಿಗೆ ದ್ವಿಚಕ್ರ ವಾಹನದ ಮನೆಗಳು ಎರಡು ಪಟ್ಟಾಗಿ 14 ದಾಟಿದವು. ಕಾರು ಮಾತ್ರ ಎರಡರ ಆಸುಪಾಸಿನಲ್ಲೇ ನಿಂತಿತು. ನನಗೆ ಮುಖ್ಯವೆನಿಸುವುದು ಸೈಕಲ್ಲಿನ ಸಂಗತಿ: ಆ ಹತ್ತು ವರ್ಷದಲ್ಲಿ ಪೇಟೆಯಲ್ಲಿ ಅದು 46ರಿಂದ 42ಕ್ಕೆ ಇಳಿಯಿತು, ಹಳ್ಳಿಯಲ್ಲಿ 46ಕ್ಕೆ ಏರಿತು. ಬೈಕ್ ಬಂದೊಡನೆ ಸೈಕಲ್ ಮೂಲೆ ಸೇರಲಿಲ್ಲ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದೂ ಈ ದಶಕದಲ್ಲೇ. ಪಕ್ಕದೂರಿನ ಹೈಸ್ಕೂಲಿಗೆ ಹೋಗುವ ಹುಡುಗಿಗೆ ತನ್ನದೇ ಎಂಬ ಮೊದಲ ಗಾಡಿ ಸಿಕ್ಕಿದ್ದು ಹೀಗೆ.

ಬೈಕ್ ಹಳ್ಳಿಗೆ ಬಂದ ದಾರಿ ಉದ್ದದ್ದು. ಮೈಸೂರಿನಲ್ಲಿ 1961ರಿಂದ ಜಾವಾ ಬೈಕ್ ತಯಾರಾಗುತ್ತಿತ್ತು, ಆದರೆ ಸಣ್ಣ ಹಿಡುವಳಿಯ ರೈತನಿಗೆ ಅದು ಎಟುಕುತ್ತಿರಲಿಲ್ಲ. ಬಜಾಜ್ ಚೇತಕ್ ಸ್ಕೂಟರ್ ಬೇಕೆಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1972ರ ಲೂನಾ, 1980ರ ಟಿವಿಎಸ್ 50 ಮೊಪೆಡ್‌ಗಳು ಈ ಬೇಲಿಯನ್ನು ಮುರಿದವು. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಮೂಟೆ ಎಲ್ಲವನ್ನೂ ಹೊತ್ತ ಮೊಪೆಡ್ಡನ್ನು ರೈತರು ಸವಾರಿಗಿಂತ ಹೆಚ್ಚಾಗಿ ದುಡಿಮೆಗೆ ಬಳಸಿದರು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕ್ ಎಂಜಿನ್ನಿನಿಂದ ಪೆಟ್ರೋಲ್ ಖರ್ಚಿನ ಲೆಕ್ಕವನ್ನೇ ಬದಲಿಸಿತು. 1994ರ ಸ್ಪ್ಲೆಂಡರ್ ಅದೇ ದಾರಿ ಹಿಡಿಯಿತು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಡಾಂಬರು ತಂದಿತು. ಕಂತಿನ ಸಾಲ, ಹೋಬಳಿಗೊಬ್ಬ ಮೆಕ್ಯಾನಿಕ್, ಸೆಕೆಂಡ್ ಹ್ಯಾಂಡ್ ಮಾರಾಟ ಉಳಿದದ್ದನ್ನು ಮಾಡಿದವು.

2011ರ ನಂತರದ ಜನಗಣತಿಯನ್ನು ಮುಂದೂಡಿದ್ದರಿಂದ ಆಮೇಲಿನ ವರ್ಷಗಳಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಆಸರೆ. ಹಳ್ಳಿ, ಪೇಟೆ ಸೇರಿಸಿ ಅದು ಹೇಳುವಂತೆ 2015-16ರಲ್ಲಿ ನೂರಕ್ಕೆ ಸುಮಾರು 38 ಮನೆಗಳಲ್ಲಿದ್ದ ದ್ವಿಚಕ್ರ ವಾಹನ 2019-21ಕ್ಕೆ 50ರಷ್ಟು ಮನೆಗಳಿಗೆ ತಲುಪಿತು. ಕಾರು ಎಂಟರ ಹತ್ತಿರ.

ಇದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ, ವಾಹನದ ಬಗ್ಗೆ ಬರೆಯುವವರು ಅತ್ತ ನೋಡುವುದು ಕಡಿಮೆ. ಸಂತೆಗೆ, ಆಸ್ಪತ್ರೆಗೆ, ಊರಾಚೆಗೆ ಒಬ್ಬಳೇ ಹೋಗಬಹುದಾದ ಹೆಂಗಸರು 2015-16ರ ಸುತ್ತಿನಲ್ಲಿ ನೂರಕ್ಕೆ 41, ಮುಂದಿನದರಲ್ಲಿ 42. ಬೈಕಿನ ಮನೆಗಳು ಹನ್ನೆರಡು ಹೆಚ್ಚಿದಾಗ ಹೆಂಗಸಿನ ಓಡಾಟ ಹೆಚ್ಚಿದ್ದು ಒಂದೇ. ಬೆಳಿಗ್ಗೆ ಬೈಕ್ ಹತ್ತಿ ಗಂಡಸು ಹೊರಟರೆ ಆ ದಿನಕ್ಕೆ ಅದು ಮನೆಯ ವಾಹನವಲ್ಲ, ಅವನ ವಾಹನ. ಉಳಿದವರಿಗೆ ಬಸ್ಸೇ ಗತಿ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಬಸ್ಸುಗಳಿಗೆ ಹತ್ತಿದ ಹೆಂಗಸರ ಸಂಖ್ಯೆ ಆ ಕೊರತೆ ಎಷ್ಟು ದೊಡ್ಡದಿತ್ತೆಂಬುದನ್ನು ತೋರಿಸಿತು.

ಜನಗಣತಿಯಾಗಲಿ ಈ ಸಮೀಕ್ಷೆಯಾಗಲಿ ಇಂದಿಗೂ ಕೇಳುವುದು ‘ಮನೆಯಲ್ಲಿ ಇದೆಯೇ’ ಎಂದಷ್ಟೇ. ಎಷ್ಟಿವೆ, ಯಾರ ಹೆಸರಿನಲ್ಲಿವೆ, ಓಡಿಸುವವರು ಯಾರು ಎಂಬ ಮೂರು ಪ್ರಶ್ನೆ ಸೇರಿಸಿದರೆ ಗಣತಿದಾರನಿಗೆ ಪ್ರತಿ ಮನೆಯಲ್ಲಿ ಒಂದು ನಿಮಿಷ ಹೆಚ್ಚು ಹಿಡಿದೀತು. ಹಳ್ಳಿಗೆ ಎಷ್ಟು ಬಸ್ಸು, ಯಾವ ಹೊತ್ತಿಗೆ ಬೇಕು ಎಂದು ನಿರ್ಧರಿಸುವವರಿಗೆ ಬೇಕಾದದ್ದು ಆ ಉತ್ತರಗಳೇ.