ವೈದ್ಯರ ಗುರಿನಿರ್ಧಾರ

ವೈದ್ಯರು ತಮ್ಮ ವೃತ್ತಿಯಲ್ಲಿ ಏನನ್ನು, ಯಾರಿಗಾಗಿ, ಎಷ್ಟರಮಟ್ಟಿಗೆ ಸಾಧಿಸಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕಂತೆ ಕೆಲಸವನ್ನು ಅಣಿಗೊಳಿಸಿಕೊಳ್ಳುವುದು. ಎಂ.ಡಿ. ಪದವಿ, ಬಡ್ತಿ, ಸ್ವಂತ ನರ್ಸಿಂಗ್ ಹೋಂ ಇವೂ ಗುರಿಗಳೇ. ಆದರೆ ರೋಗಿಗೆ ಆದ ಪ್ರಯೋಜನದಿಂದ ಅಳೆಯುವಂಥ ಗುರಿಯೇ ಹೆಚ್ಚು ಕಾಲ ಬಾಳುತ್ತದೆ. ಮದುರೈನ ನೇತ್ರವೈದ್ಯ ಡಾ. ಗೋವಿಂದಪ್ಪ ವೆಂಕಟಸ್ವಾಮಿ (1918–2006) ಇದಕ್ಕೆ ಒಳ್ಳೆಯ ನಿದರ್ಶನ.

ಅವರು ಆಗಬೇಕೆಂದಿದ್ದುದು ಹೆರಿಗೆ ತಜ್ಞ. ಸೈನ್ಯದಲ್ಲಿ ವೈದ್ಯರಾಗಿದ್ದಾಗ ರುಮಟಾಯ್ಡ್ ಸಂಧಿವಾತ ತಗುಲಿ ಬೆರಳುಗಳು ಸೊಟ್ಟಗಾದವು. ಆ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ನೇತ್ರವಿಜ್ಞಾನ ಓದಿ, ಅದೇ ಬೆರಳುಗಳಿಗೆ ಶಸ್ತ್ರ ಹಿಡಿಯುವುದನ್ನು ಕಲಿಸಿದರು. 1976ರಲ್ಲಿ, 58ನೇ ವಯಸ್ಸಿಗೆ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ತೆರೆದರು.

ತಪ್ಪಿಸಬಹುದಾದ ಕುರುಡುತನವನ್ನು ಇಲ್ಲವಾಗಿಸುವುದು ಅವರ ಗುರಿ. ಇಷ್ಟು ದೊಡ್ಡ ಮಾತನ್ನು ಯಾರು ಬೇಕಾದರೂ ಆಡಬಹುದು. ವೆಂಕಟಸ್ವಾಮಿ ಅದನ್ನು ದಿನನಿತ್ಯದ ಕೆಲಸಕ್ಕೆ ಇಳಿಸಿದ ಬಗೆಯೇ ಗಮನಾರ್ಹ. ಶಸ್ತ್ರವೈದ್ಯರ ಸಮಯ ವ್ಯರ್ಥವಾಗದಂತೆ ಅಕ್ಕಪಕ್ಕ ಎರಡು ಟೇಬಲ್‌ಗಳು: ಒಂದರಲ್ಲಿ ಪೊರೆ ತೆಗೆಯುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ವೈದ್ಯರೇ ಮಾಡಬೇಕಿಲ್ಲದ ತಪಾಸಣೆ, ಅಳತೆ, ಆರೈಕೆಗಳನ್ನು ತರಬೇತಾದ ಹಳ್ಳಿಯ ಯುವತಿಯರು ನೋಡಿಕೊಂಡರು. ಹಣ ಕೊಡಬಲ್ಲವರಿಂದ ಬಂದ ಆದಾಯದಲ್ಲಿ ಬಡವರಿಗೆ ಉಚಿತ ಚಿಕಿತ್ಸೆ ನಡೆಯಿತು.

ಆದರೆ ಆಪರೇಷನ್ ಪುಕ್ಕಟೆ ಎಂದರೂ ಹಳ್ಳಿಯವರಲ್ಲಿ ಹಲವರು ಬರಲಿಲ್ಲ. ಬಸ್ ಚಾರ್ಜು, ಊಟ, ತಪ್ಪಿಹೋಗುವ ಕೂಲಿ, ಜೊತೆಗೆ ಬರುವವರ ಖರ್ಚು ಯಾರು ಕೊಡಬೇಕು? ಇದು ತಿಳಿದ ಮೇಲೆ ಹಳ್ಳಿಗಳಲ್ಲಿ ನಡೆಸುವ ಕಣ್ಣು ತಪಾಸಣೆಯ ಕ್ಯಾಂಪ್‌ನಿಂದಲೇ ವಾಹನ, ಊಟ, ವಸತಿಯ ಏರ್ಪಾಟಾಯಿತು. ರೋಗಿ ಆಸ್ಪತ್ರೆಯ ಬಾಗಿಲಿಗೆ ಬರುವವರೆಗಿನ ದಾರಿಯೂ ಗುರಿಯ ಲೆಕ್ಕದೊಳಗೆ ಸೇರಿತು. ಕರ್ನಾಟಕದಲ್ಲಿ ನೇತ್ರವೈದ್ಯ ಡಾ. ಎಂ.ಸಿ. ಮೋದಿ ಶಸ್ತ್ರಚಿಕಿತ್ಸೆಯನ್ನೇ ಹಳ್ಳಿಗಳಿಗೆ ಒಯ್ದವರು. ಮೋದಿ ಹಿಡಿದದ್ದು ಬೇರೆ ದಾರಿ.

ಬರೀ ಸಂಖ್ಯೆಯನ್ನೇ ಗುರಿಯಾಗಿಸಿಕೊಳ್ಳುವುದರಲ್ಲಿ ಅಪಾಯವಿದೆ. ಎಷ್ಟು ಕಣ್ಣು ಕೊಯ್ದರು ಎಂಬುದಕ್ಕಿಂತ ಎಷ್ಟು ಕಣ್ಣಿಗೆ ದೃಷ್ಟಿ ಬಂತು, ಎಷ್ಟಕ್ಕೆ ಸೋಂಕು ತಗುಲಿತು ಎಂಬುದು ಮುಖ್ಯ. ಅರವಿಂದದಲ್ಲಿ ಇಂಥ ತೊಡಕುಗಳನ್ನು ದಾಖಲಿಸಿ ಪರಿಶೀಲಿಸುವ ಪದ್ಧತಿ ಇದೆ. ಪೊರೆ ತೆಗೆದ ಕಣ್ಣಿಗೆ ಹಾಕುವ ಆಮದಾದ ಕೃತಕ ಲೆನ್ಸ್ ಬಡವರ ಕೈಗೆಟುಕದಿದ್ದಾಗ, 1992ರಲ್ಲಿ ಅರೋಲ್ಯಾಬ್ ಸ್ಥಾಪಿಸಿ ತಾವೇ ತಯಾರಿಸತೊಡಗಿದರು. ಈಗ ಆ ಲೆನ್ಸ್‌ಗಳು ಹೊರದೇಶಗಳಿಗೂ ಹೋಗುತ್ತಿವೆ. ಅರವಿಂದ ಸಮೂಹದ ಆಸ್ಪತ್ರೆಗಳಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ.