ಪುಂಗಿ ಮತ್ತು ಗೈಡಾ

ಗೋಪಾಲಸ್ವಾಮಿ ಬೆಟ್ಟದಲ್ಲಿ ಕೃಷ್ಣನ ಕೈಲಿರುವುದು ಕೊಳಲು. ಚಿಕ್ಕಂದಿನಲ್ಲಿ ನಮ್ಮನ್ನು ಮರುಳು ಮಾಡಿದ್ದು ಮಾತ್ರ ಗುಂಡ್ಲುಪೇಟೆ ಸಂತೆಯ ಹಾವಾಡಿಗರ ಪುಂಗಿ. ಒಣಗಿದ ಸೋರೆಬುರುಡೆಗೆ ಮೇಣದಿಂದ ಕೂರಿಸಿದ ಎರಡು ಕೊಳವೆ, ಒಂದು ರಾಗಕ್ಕೆ, ಇನ್ನೊಂದು ಶ್ರುತಿಗೆ. ನಾದ ಕಡಿಯದಿರಲೆಂದು ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಿಂದ ಉಸಿರೆಳೆಯುತ್ತಿದ್ದರು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬಲ್ಗೇರಿಯಾದ ಗೈಡಾ ಕೇಳಿದಾಗ ಅದೇ ನೆನಪಾಯಿತು. ಅಲ್ಲಿ ಕೆನ್ನೆಯ ಕೆಲಸವನ್ನು ಆಡಿನ ಚರ್ಮ ಮಾಡುತ್ತದೆ. ಇಡಿಯಾಗಿ ಸುಲಿದು ಹದಮಾಡಿದ ಚರ್ಮದ ಚೀಲ. ಕತ್ತು, ಮುಂಗಾಲುಗಳ ಬಾಯಿಗೆ ಮರದ ಕೊಳವೆ ಕಟ್ಟಿ, ಊದಿ ತುಂಬಿಸಿ, ತೋಳಿನಿಂದ ಒತ್ತಿ ನುಡಿಸುತ್ತಾರೆ. 1977ರಲ್ಲಿ ವಾಯೇಜರ್ ನೌಕೆಯ ಧ್ವನಿಮುದ್ರಿಕೆಯಲ್ಲಿ ಅದರ ನಾದ ಬಾಹ್ಯಾಕಾಶಕ್ಕೂ ಹೋಯಿತು. ಶಿರೋಕಾ ಲಕಾ ಎಂಬ ಬೆಟ್ಟದ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಅದನ್ನು ಕಲಿಸುತ್ತಾರೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಹಾವಾಡಿಸುವುದನ್ನು ತಡೆಯಿತು, ಅದು ಸರಿಯೇ. ಪುಂಗಿ ಮಾಡಬಲ್ಲ ಹಿರಿಯರು ಊರ ಕಡೆ ಇದ್ದರೆ, ಹಾವಿಲ್ಲದೆ, ಒಂದು ದಿನ ನಮ್ಮ ಶಾಲೆಗೆ ಕರೆಸಿ.