ಸುಣ್ಣ, ಅರದಾಳ ಮತ್ತು ಒಂದು ಹಕ್ಕಿಗರಿ

ಕೂದಲು ತೆಗೆಯುವ ಕ್ರೀಮಿನ ಟ್ಯೂಬಿನ ಮೇಲಿರುವ ಸೂಚನೆಗಳನ್ನು ನೀವು ಎಂದಾದರೂ ಗಮನವಿಟ್ಟು ಓದಿದ್ದೀರಾ? ಮೊದಲು ಸ್ವಲ್ಪವೇ ಹಚ್ಚಿ ಪರೀಕ್ಷಿಸಿ, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ, ಉರಿಯಾದರೆ ಕೂಡಲೇ ತೊಳೆಯಿರಿ ಎಂದು ಅದರಲ್ಲಿರುತ್ತದೆ. ಹೆಚ್ಚುಕಡಿಮೆ ಇದೇ ಅರ್ಥದ ಎಚ್ಚರಿಕೆ 12ನೇ ಶತಮಾನದ ಲ್ಯಾಟಿನ್ ಗ್ರಂಥವೊಂದರಲ್ಲಿಯೂ ಇದೆ.

ಆ ಗ್ರಂಥ ಹುಟ್ಟಿದ್ದು ದಕ್ಷಿಣ ಇಟಲಿಯ ಸಾಲೆರ್ನೊ ಎಂಬ ಬಂದರು ಪಟ್ಟಣದಲ್ಲಿ. ಮಧ್ಯಯುಗದ ಯೂರೋಪಿನಲ್ಲಿ ವೈದ್ಯಕ್ಕೆ ಹೆಸರಾಗಿದ್ದ ಊರು ಅದು. ಅಲ್ಲಿ ರಚಿತವಾದ ಸ್ತ್ರೀಚಿಕಿತ್ಸೆಯ ಮೂರು ಕೃತಿಗಳು ಮುಂದೆ ಒಟ್ಟುಗೂಡಿ 'ಟ್ರೋಟುಲಾ' ಎಂಬ ಹೆಸರು ಪಡೆದವು. ಮೂರರಲ್ಲಿ ಒಂದು ಪೂರ್ತಿಯಾಗಿ ಸೌಂದರ್ಯ ಸಾಧನಗಳಿಗೇ ಮೀಸಲು. 1544ರಲ್ಲಿ ಇದು ಸ್ಟ್ರಾಸ್‌ಬರ್ಗ್‌ನಲ್ಲಿ ಅಚ್ಚಾದಾಗ ಎಲ್ಲವನ್ನೂ ಒಬ್ಬಳೇ ಮಹಿಳೆ ಬರೆದಳೆಂಬಂತೆ ಪ್ರಕಟಿಸಲಾಯಿತು. ಮೂಲ ಹಸ್ತಪ್ರತಿಗಳನ್ನು ಪರಿಶೀಲಿಸಿ 2001ರಲ್ಲಿ ಶುದ್ಧಪಾಠವನ್ನು ಹೊರತಂದ ಇತಿಹಾಸಕಾರ್ತಿ ಮೋನಿಕಾ ಗ್ರೀನ್ ಅವರ ಪ್ರಕಾರ, ಟ್ರೋಟಾ ಎಂಬ ವೈದ್ಯೆ ಸಾಲೆರ್ನೊದಲ್ಲಿ ಇದ್ದದ್ದು ನಿಜ. ಆದರೆ ಸೌಂದರ್ಯದ ಭಾಗವನ್ನು ಬರೆದವನು ಬಹುಶಃ ಒಬ್ಬ ಪುರುಷ. ಆತ ಮುಸ್ಲಿಂ ಸ್ತ್ರೀಯರ ರೂಢಿಗಳನ್ನು ನೋಡಿ ತಿಳಿದದ್ದನ್ನೂ ಅಲ್ಲಿ ದಾಖಲಿಸಿದ್ದಾನೆ.

ಕೂದಲು ತೆಗೆಯುವ ಲೇಪಕ್ಕೆ ಬೇಕಾದ ಮುಖ್ಯ ವಸ್ತುಗಳು ಎರಡೇ. ಒಂದು ಜರಡಿ ಹಿಡಿದ ಸುಟ್ಟ ಸುಣ್ಣ, ಇನ್ನೊಂದು ಅರದಾಳ. ನಮ್ಮ ವೈದ್ಯಗ್ರಂಥಗಳ ಹರಿತಾಳವೇ ಈ ಹಳದಿ ಖನಿಜ. ರಸಾಯನ ವಿಜ್ಞಾನದಲ್ಲಿ ಆರ್ಸೆನಿಕ್ ಸಲ್ಫೈಡ್. ಇವುಗಳನ್ನು ಗಂಜಿಯಂತೆ ಬೇಯಿಸಬೇಕು. ಪಾಕ ಸರಿಯಾಗಿದೆಯೇ ಎಂದು ತಿಳಿಯಲು ಹಕ್ಕಿಯ ಗರಿಯೊಂದನ್ನು ಅದರಲ್ಲಿ ಅದ್ದಿ ನೋಡಬೇಕು. ಅತಿಯಾಗಿ ಬೇಯಿಸಬಾರದು, ಮೈಮೇಲೆ ಬಹಳ ಹೊತ್ತು ಬಿಡಬಾರದು, ಏಕೆಂದರೆ ತೀವ್ರ ಉರಿ ಬರುತ್ತದೆ. ಹಾಗೂ ಚರ್ಮ ಸುಟ್ಟರೆ ಪಾಪ್ಲರ್ ಮರದ ಮೊಗ್ಗಿನ ಮುಲಾಮನ್ನು ಗುಲಾಬಿ ಎಣ್ಣೆಯೊಂದಿಗೆ ಹಚ್ಚಬೇಕು.

ಹಕ್ಕಿಗರಿಯೇ ಏಕೆ? ಕೂದಲು, ಉಗುರು, ಗರಿ ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನ್ ಬಳಗಕ್ಕೆ ಸೇರಿದವು. ಕೆರಾಟಿನ್‌ನ ಉದ್ದನೆಯ ಸರಪಣಿಗಳನ್ನು ಒಂದಕ್ಕೊಂದು ಬಿಗಿಯುವುದು ಗಂಧಕದ ಜೋಡಿ ಪರಮಾಣುಗಳ ಕೊಂಡಿಗಳು. ಸುಣ್ಣಕ್ಕೆ ನೀರು ಬಿದ್ದಾಗ ಶಾಖವೂ ಪ್ರಬಲ ಕ್ಷಾರವೂ ಉಂಟಾಗುತ್ತವೆ. ಆ ಕ್ಷಾರದಲ್ಲಿ ಅರದಾಳ ಕರಗಿ ಸಲ್ಫೈಡ್ ಅಯಾನುಗಳನ್ನು ಬಿಡುಗಡೆ ಮಾಡುತ್ತದೆ. ಇವು ಗಂಧಕದ ಕೊಂಡಿಗಳನ್ನು ಕತ್ತರಿಸುತ್ತವೆ. ಕೂದಲು ಮೆತ್ತಗಾಗಿ ಒರೆಸಿದರೆ ಬಂದುಬಿಡುತ್ತದೆ. ಗರಿಯ ಎಳೆಗಳನ್ನು ಬಿಡಿಸಬಲ್ಲ ಲೇಪ ಕೂದಲನ್ನೂ ಬಿಡಿಸಬಲ್ಲದು. ಪ್ರೋಟೀನ್ ಎಂಬ ಹೆಸರೇ ಇಲ್ಲದಿದ್ದ ಕಾಲದಲ್ಲಿ ಎಂಥ ಸರಿಯಾದ ಪರೀಕ್ಷೆ ನೋಡಿ! ಚರ್ಮದ ಹೊರಪದರದಲ್ಲಿರುವುದೂ ಕೆರಾಟಿನ್ ಆದ್ದರಿಂದ ಹೊತ್ತು ಮೀರಿದರೆ ಅದೂ ಬೇಯುತ್ತದೆ.

ಈ ಜ್ಞಾನ ಸಾಲೆರ್ನೊದ ಸ್ವಂತದ್ದಲ್ಲ. ಅರಬ್ ನಾಡುಗಳ ಸ್ನಾನಗೃಹಗಳಲ್ಲಿ ಇಂಥ ಲೇಪ ಬಳಕೆಯಲ್ಲಿತ್ತು. ಅದಕ್ಕಿಂತ ಹಿಂದಿನ ನಮ್ಮ ಸುಶ್ರುತ ಸಂಹಿತೆಯಲ್ಲಿಯೂ ಎರಡು ಪಾಲು ಶಂಖಚೂರ್ಣ, ಒಂದು ಪಾಲು ಹರಿತಾಳವನ್ನು ಹುಳಿಯಲ್ಲಿ ಅರೆದು ರೋಮ ತೆಗೆಯುವ ವಿಧಾನವಿದೆ. ಶಂಖವನ್ನು ಸುಟ್ಟರೂ ಸಿಗುವುದು ಸುಣ್ಣವೇ ಅಲ್ಲವೇ?

ಇಷ್ಟು ಎಚ್ಚರದಿಂದ ಬರೆದ ಸಾಲೆರ್ನೊದವರೇ ಬಿಸಿಲಿಗೆ ಕಂದಿದ ಮುಖಕ್ಕೆ ಹೇಳುವ ಮುಲಾಮಿನಲ್ಲಿ ಲಿಲ್ಲಿ ಗಡ್ಡೆ, ಕರ್ಪೂರ, ಗುಲಾಬಿ ನೀರಿನ ಜೊತೆಗೆ ಬಿಳಿ ಸೀಸವನ್ನೂ ಸೇರಿಸುತ್ತಾರೆ. ಸೀಸದ ತಗಡುಗಳನ್ನು ವಿನೆಗರ್‌ನ ಆವಿಗೆ ಒಡ್ಡಿ ಪಡೆಯುವ ಅಚ್ಚ ಬಿಳಿಯ ಕಾರ್ಬೊನೇಟ್ ಅದು. ಇಲ್ಲಿ ಎಚ್ಚರಿಕೆಯ ಮಾತಿಲ್ಲ. ಸೀಸ ವಿಷವೆಂಬುದು ಆಗ ತಿಳಿದಿರಲಿಲ್ಲವೇ? ತಿಳಿದಿತ್ತು. ಬಿಳಿ ಸೀಸ ನುಂಗಿದವರಿಗೆ ಏನಾಗುತ್ತದೆಂದು ಕ್ರಿಸ್ತಪೂರ್ವದಲ್ಲೇ ಗ್ರೀಕ್ ಕವಿ ನಿಕ್ಯಾಂಡರ್ ವಿವರಿಸಿದ್ದ. ಆದರೆ ಒಮ್ಮೆಲೇ ನುಂಗುವುದು ಬೇರೆ, ದಿನವೂ ಮುಖಕ್ಕೆ ಹಚ್ಚುವುದು ಬೇರೆ. ಇಂಥ ಸೀಸ ಚರ್ಮದ ಮೂಲಕ ಒಳಹೋಗುವುದು ತೀರ ಕಡಿಮೆ. ಬೆರಳು, ತುಟಿ, ಉಸಿರಿನೊಂದಿಗೆ ಸ್ವಲ್ಪಸ್ವಲ್ಪವಾಗಿ ಸೇರಿ ಮೂಳೆಗಳಲ್ಲಿ ಶೇಖರವಾಗುತ್ತದೆ. ರಕ್ತಹೀನತೆ, ಹೊಟ್ಟೆನೋವು, ನರಗಳ ದೌರ್ಬಲ್ಯ ಕಾಣಿಸಿಕೊಳ್ಳುವ ಹೊತ್ತಿಗೆ ಯಾರು ತಾನೇ ಮುಖದ ಲೇಪವನ್ನು ನೆನೆಯುತ್ತಾರೆ? ಅರದಾಳದ ಲೇಪದ ವಿಷಯದಲ್ಲಿಯೂ ಅವರ ಕಣ್ಣಿಗೆ ಬಿದ್ದದ್ದು ಉರಿ ಮಾತ್ರ, ಆರ್ಸೆನಿಕ್ ಅಲ್ಲ. ಗರಿಯ ಪರೀಕ್ಷೆ ಕ್ಷಣದಲ್ಲಿ ಉತ್ತರ ಕೊಡುತ್ತದೆ. ವರ್ಷಗಟ್ಟಲೆ ಕಾದು ಉತ್ತರ ಪಡೆಯಬೇಕಾದ ಪರೀಕ್ಷೆಗೆ ಅವರಲ್ಲಿ ಸಾಧನವೇ ಇರಲಿಲ್ಲ. ಮೈಬಣ್ಣ ಬಿಳಿಯಾಗಬೇಕೆಂಬ ಹಂಬಲವೂ ಕಣ್ಣಿಗೆ ಮಂಕು ಕವಿಸಿರಬೇಕು ಎಂದು ನನಗನ್ನಿಸುತ್ತದೆ.

ಇಂದಿನ ಕ್ರೀಮುಗಳಲ್ಲಿ ಅರದಾಳದ ಕೆಲಸವನ್ನು ಥಯೋಗ್ಲೈಕೋಲೇಟ್ ಲವಣಗಳು ಮಾಡುತ್ತವೆ. ಕ್ಷಾರ ಹಾಗೆಯೇ ಉಳಿದಿದೆ. ಕತ್ತರಿಸುವುದೂ ಅದೇ ಗಂಧಕದ ಕೊಂಡಿಯನ್ನು. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳನ್ನು ಬಳಸುವುದನ್ನು ನಿಷೇಧಿಸುತ್ತವೆ. ಸುಣ್ಣ ಮತ್ತು ಸಲ್ಫೈಡ್ ಜೋಡಿ ಮಾತ್ರ ಪೂರ್ತಿ ಮರೆಯಾಗಿಲ್ಲ. ಚರ್ಮ ಹದಮಾಡುವ ಕಾರ್ಖಾನೆಗಳಲ್ಲಿ ತೊಗಲಿನ ರೋಮ ಬಿಡಿಸಲು ಸುಣ್ಣದೊಂದಿಗೆ ಸೋಡಿಯಂ ಸಲ್ಫೈಡ್ ಬೆರೆಸುವುದು ಈಗಲೂ ರೂಢಿಯಲ್ಲಿದೆ.